ಬಯಕೆ ಮಣ್ಣು

ಬಿಳಿಗುಡ್ಡೆಯಲ್ಲಿ ವನಜಮ್ಮನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬ ಅವಳ ಗಂಡ ವಾಸಪ್ಪ; ಅವನಿಗೆ ಕಿವಿ ಮಂದ. ಇನ್ನೊಬ್ಬ ಮಗ ಮೋಹಿತ್. ಬೈಗುಳ ಯಾವುದು, ಮುದ್ದು ಯಾವುದು ಎಂಬುದು ಅವನಿಗೆ ತಿಳಿಯುವುದಿಲ್ಲ. ಮೂವತ್ತರ ಹತ್ತಿರ ಬಂದ ಗಂಡಸು, ಇವತ್ತಿಗೂ ಅಂಗಿಯ ಗುಂಡಿಯನ್ನು ತಾಯಿಯೇ ಹಾಕಬೇಕು. ಉಳಿದವರೆಲ್ಲ, ಪಂಚಾಯ್ತಿ ಮೆಂಬರಿನಿಂದ ಹಿಡಿದು ಬಸ್ಸಿನ ಕಂಡಕ್ಟರನವರೆಗೆ, ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದು ಕಂಡರೆ ದಾರಿ ಬದಲಿಸುವವರೇ. ಅಂಥ ವನಜಮ್ಮ, ಊರಿಗೆ ತಿಳಿದ ಮಟ್ಟಿಗೆ, ಜೀವಮಾನದಲ್ಲಿ ಒಂದೇ ಒಂದು ಸಲ, ಬಾಯಿ ಬಿಡಲೇಬೇಕಾದ ಹೊತ್ತಿನಲ್ಲಿ, ಬಾಯಿ ಮುಚ್ಚಿಕೊಂಡು ಕೂತಳು. ಅವಳ ಬದುಕಿನ ಬಗ್ಗೆ ಹೇಳಬೇಕೆಂದರೆ ಆ ಒಂದು ವಾರದ ಬಗ್ಗೆ ಹೇಳಬೇಕು.

ಸೀತೂರಿನ ರಸ್ತೆ ಬಿಟ್ಟು ಕಾಡಿನೊಳಗೆ ಇಳಿದರೆ ಸಿಗುವ ಹತ್ತಿಪ್ಪತ್ತು ಮನೆಗಳ ಊರು ಬಿಳಿಗುಡ್ಡೆ. ಅದರ ತಲೆಯ ಮೇಲೆ ಹಿಂದೊಂದು ಗಣಿ ಇತ್ತು. ಗಣಿ ಎಂದರೆ ಬಳ್ಳಾರಿ ಕಡೆಯಂಥದ್ದಲ್ಲ, ಸಣ್ಣದು. ತಾಮ್ರ ಇದೆ, ಸೀಸ ಇದೆ ಎಂದು ಯಾವುದೋ ಕಂಪನಿ ಬಂದು ಗುಡ್ಡ ಬಗೆಯಿತು, ಕಲ್ಲನ್ನು ಪುಡಿ ಮಾಡಿ ತೊಳೆಯಿತು, ಬೇಕಾದ್ದನ್ನು ಲಾರಿಗೆ ತುಂಬಿತು, ಅಸಲೂ ಗಿಟ್ಟದು ಎಂದಾದಾಗ ಎದ್ದು ಹೋಯಿತು. ಉಂಡವರು ಎಲೆ ಎತ್ತದೆ ಎದ್ದು ಹೋದ ಹಾಗೆ. ಉಳಿದದ್ದು ಹಸಿರು ನೀರು ತುಂಬಿದ ಒಂದು ಹೊಂಡ, ಮಳೆ ಬಿದ್ದರೆ ಕೊಳೆತ ಮೊಟ್ಟೆಯ ವಾಸನೆ ಹೊಡೆಯುವ ಕಂದು ಬಣ್ಣದ ರಾಶಿ, ತುಕ್ಕು ಹಿಡಿದ ನಾಲ್ಕು ಕಂಬ. ರಾಶಿಯ ಕೆಳಗಿನ ಹಳ್ಳದಲ್ಲಿ ಮೀನು ಏಡಿ ಎಲ್ಲ ಸತ್ತವು. ಹಳ್ಳದ ಪಕ್ಕದ ಗದ್ದೆಗಳಲ್ಲಿ ನಟ್ಟ ಸಸಿ ಹಳದಿಗಟ್ಟಿ, ಮೊಣಕಾಲೆತ್ತರಕ್ಕೆ ಬಂದು ನಿಂತುಬಿಡುತ್ತಿತ್ತು. ವಾಸಪ್ಪನ ಗದ್ದೆಯೂ ಅಲ್ಲೇ ಇತ್ತು. ಭೂತಕ್ಕೆ ಕೋಳಿ ಕೊಟ್ಟರು, ದೇವರಲ್ಲಿ ಹೂಪ್ರಸಾದ ಕೇಳಿದರು, ಕಂಪನಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳೋಣವೆಂದರೆ ಅದರ ವಿಳಾಸ ಯಾರ ಬಳಿಯೂ ಇರಲಿಲ್ಲ.

ರಾಶಿಯ ಆಚೆ ಮಗ್ಗುಲಲ್ಲಿ, ಲಂಟಾನ ಪೊದೆಗಳ ನಡುವೆ, ಇನ್ನೊಂದು ಗುಂಡಿಯಿತ್ತು. ಅಲ್ಲಿಯ ಮಣ್ಣು ಬೆಳ್ಳಗೆ, ಅಕ್ಕಿಹಿಟ್ಟಿನಷ್ಟು ನುಣುಪು. ಕಂಪನಿ ಕಲ್ಲುಪುಡಿ ತೊಳೆದ ನೀರು ನಿಂತು ನಿಂತು ತಳಕಟ್ಟಿದ ಗಸಿ ಅದು. ಆದರೆ ಊರ ಹೆಂಗಸರ ಬಾಯಲ್ಲಿ ಅದರ ಹೆಸರು ಬಯಕೆ ಮಣ್ಣು. ಬಸುರಿಯರಿಗೆ ಹುಣಿಸೆ ಬೇಕೆನಿಸುವ ಹಾಗೆ, ಹಸಿ ಅಕ್ಕಿ ಬೇಕೆನಿಸುವ ಹಾಗೆ, ಮಣ್ಣೂ ಬೇಕೆನಿಸುತ್ತದೆ. ಬೇರೆ ಊರಿನಲ್ಲಿ ಹುತ್ತದ ಮಣ್ಣು ತಿನ್ನುತ್ತಾರೆ, ಒಲೆಯ ಸುಟ್ಟ ಮಣ್ಣು ಕೆರೆದು ತಿನ್ನುತ್ತಾರೆ. ಬಿಳಿಗುಡ್ಡೆಯವರೂ ಹಿಂದೆ ಹುತ್ತದ ಮಣ್ಣನ್ನೇ ತಿನ್ನುತ್ತಿದ್ದರು. ಕಂಪನಿ ಹೋದ ಮೇಲೆ, ಹಲ್ಲಿಗೆ ಕಲ್ಲು ಸಿಗದ ಈ ಮಣ್ಣು ಯಾರದೋ ಕಣ್ಣಿಗೆ ಬಿತ್ತು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದು ಅನಾದಿ ಕಾಲದ ಸಂಪ್ರದಾಯವಾಗಿಬಿಟ್ಟಿತು. ನಮ್ಮಲ್ಲಿ ಸಂಪ್ರದಾಯ ಹುಟ್ಟುವುದಕ್ಕೆ ಅಷ್ಟು ಸಮಯ ಸಾಕು.

ಶೃಂಗೇರಿ ಸೀಮೆಯ ಬೇಗಾರಿನಿಂದ ಮದುವೆಯಾಗಿ ಬಂದ ವನಜಮ್ಮ ಚೊಚ್ಚಲ ಬಸುರಿಯಾದಾಗ, ಅವಳ ಅತ್ತೆ ಆ ಮಣ್ಣನ್ನು ಸೆರಗಿನಲ್ಲಿ ಕಟ್ಟಿ ತಂದಿದ್ದಳು. ನೀರು ಚಿಮುಕಿಸಿ, ಸಣ್ಣ ಬಿಲ್ಲೆ ತಟ್ಟಿ, ಕಾವಲಿಯ ಮೇಲೆ ಬಿಸಿ ಮಾಡಿ ಕೊಟ್ಟಿದ್ದಳು. ಮೊದಲ ಮಳೆಯ ವಾಸನೆ ಮನೆ ತುಂಬ ಹರಡಿತ್ತು. "ತಿನ್ನು ಕೂಸೆ. ಬಸುರಿ ಬಯಕೆ ತೀರಿಸ್ದಿದ್ರೆ ಮಗಿನ ಕಿವಿ ಸೋರ್ತದೆ" ಎಂದಿದ್ದಳು. ಗಡಸು ಹೆಂಗಸು ಆ ಅತ್ತೆ. ಇಡೀ ಸಂಸಾರದಲ್ಲಿ ಅವಳು ಸೊಸೆಗೆ ತೋರಿಸಿದ ಒಂದೇ ಪ್ರೀತಿ ಆ ಮಣ್ಣಿನ ಬಿಲ್ಲೆಗಳದು. ವನಜಮ್ಮ ಅದನ್ನು ಮರೆಯಲಿಲ್ಲ. ಹುಟ್ಟಿದ ಮೋಹಿತನ ಕಿವಿ ಸೋರಲೂ ಇಲ್ಲ.

ಮೂರು ವರ್ಷದ ಹಿಂದೆ ಊರಿಗೆ ಜೀಪು ಬಂತು. ಹಳೆಯ ಗಣಿಯ ಕೆಟ್ಟ ಮಣ್ಣನ್ನು ಸರಿಮಾಡುವ ಯೋಜನೆಯಂತೆ. ರಾಶಿಗೆ ಸುಣ್ಣದ ಪುಡಿ, ಗೊಬ್ಬರ ಬೆರೆಸಿ ಲಾವಂಚದ ಹುಲ್ಲು ನೆಡುವುದು, ಒಳ್ಳೆಯ ಕಲ್ಲನ್ನು ಒಡೆದು ರಸ್ತೆಗೆ ಹಾಕುವುದು, ಪರೀಕ್ಷೆ ಮಾಡಿ ಸೈ ಎಂದ ಪುಡಿಯನ್ನು ಸಿಮೆಂಟಿನ ಜೊತೆ ಕಲಸಿ ನೆಲಕ್ಕೆ ಹಾಸುವ ಇಟ್ಟಿಗೆ ಒತ್ತುವುದು. ಕೆಲಸಕ್ಕೆ ಊರ ಹೆಂಗಸರು ಬೇಕಾಗಿದ್ದರು. ಅವರನ್ನು ಹೊರಡಿಸುವುದಕ್ಕೆ ಒಂದು ಗಟ್ಟಿ ಗಂಟಲು ಬೇಕಾಗಿತ್ತು. ವನಜಮ್ಮ ಮೇಸ್ತ್ರಿಯಾದಳು.

ಮಣ್ಣಿನ ವಿಚಾರ ನೋಡಿಕೊಳ್ಳಲು ಬಂದವಳು ಜ್ಯೋತ್ಸ್ನಾ ಎಂಬ ಚಿಕ್ಕ ವಯಸ್ಸಿನ ವಿಜ್ಞಾನಿ. ಕೊಪ್ಪದಲ್ಲಿ ರೂಮು ಮಾಡಿಕೊಂಡು ಸ್ಕೂಟರಿನಲ್ಲಿ ಓಡಾಡುತ್ತಿದ್ದಳು. ಮೊದಲ ದಿನವೇ ವನಜಮ್ಮನಿಗೂ ಅವಳಿಗೂ ಹಲಸಿನ ಗಿಡದ ವಿಚಾರಕ್ಕೆ ಜಗಳವಾಯಿತು.

"ಹುಲ್ಲು ನೆಟ್ಟು ಎಂತ ಬಂತು ಮೇಡಮ್ಮ? ನಾಲ್ಕು ಹಲಸು ಹಾಕಿ. ನಾವ್ ಸತ್ರೂ ಮಕ್ಳು ತಿಂತಾವೆ."

"ಅದಕ್ಕೇ ಬೇಡ ಅನ್ನೋದು ವನಜಮ್ಮ. ಈ ಮಣ್ಣಲ್ಲಿ ತಿನ್ನೋ ಅಂಥದ್ದು ಏನೂ ಬೆಳೀಬಾರದು. ದನ ಕೂಡ ಬಿಡಬಾರದು."

"ಮಣ್ಣಿನ ಮೇಲೆ ಇಷ್ಟು ಅಪನಂಬಿಕೆ ಒಳ್ಳೇದಲ್ಲ ಮಾರಾಯ್ತಿ" ಎಂದು ಗೊಣಗುತ್ತಲೇ ವನಜಮ್ಮ ಕೈಗವಸು ಹಾಕಿಕೊಂಡಳು. ಜ್ಯೋತ್ಸ್ನಾ ಹೇಳಿದ್ದನ್ನೆಲ್ಲ ಅವಳು ಪಾಲಿಸಿದಳು, ಉಳಿದ ಹೆಂಗಸರೂ ಪಾಲಿಸುವ ಹಾಗೆ ಬೈದಳು. ಕಂದು ರಾಶಿ ವಿಷ ಎಂದರೆ ನಂಬುವುದು ಕಷ್ಟವಿರಲಿಲ್ಲ. ಅದರ ನಾತವೇ ಹೇಳುತ್ತಿತ್ತು. ಮೊದಲ ಮಳೆಗಾಲ ನೆಟ್ಟ ಲಾವಂಚ ಅರ್ಧಕ್ಕರ್ಧ ಸತ್ತಿತು. ಮತ್ತೆ ಸುಣ್ಣ ಬೆರೆಸಿದರು, ಮತ್ತೆ ನೆಟ್ಟರು. ಎರಡನೇ ವರ್ಷ ಅದು ಹಿಡಿಯಿತು. ಒಂದು ಬುಡವನ್ನು ಎಳೆದರೆ ಬೇರು ಕಿತ್ತು ಬರಲಿಲ್ಲ. ವನಜಮ್ಮ ಅಲ್ಲೇ ರಾಶಿಯ ಮೇಲೆ ಕೂತು ಗಳಗಳ ಅತ್ತಳು. ತನ್ನ ಗದ್ದೆ ತಿಂದ ಗುಡ್ಡಕ್ಕೆ ತನ್ನ ಕೈಯಿಂದಲೇ ಹಸಿರು ಬಂತಲ್ಲ ಎಂಬ ಸಂತೋಷ ಅದು. ಮೋಹಿತ್ ಕೂಡ ಯೋಜನೆಯ ಶೆಡ್ಡಿನಲ್ಲಿ, ಹೊರಗಿನಿಂದ ತಂದ ಕೆಂಪು ಮಣ್ಣನ್ನು ಸಸಿಯ ಚೀಲಗಳಿಗೆ ತುಂಬುತ್ತ ದಿನವೆಲ್ಲ ನಗುನಗುತ್ತ ಇರುತ್ತಿದ್ದ. ಅವನಿಗೆ ಒಂದು ಕೆಲಸ ಸಿಕ್ಕಿದ್ದು ಅದೇ ಮೊದಲು.

ಬಿಳಿ ಮಣ್ಣಿನ ಗುಂಡಿ ಯೋಜನೆಯವರ ನಕ್ಷೆಯಲ್ಲಿ ಇರಲಿಲ್ಲ. ಅದು ಪೊದೆಯೊಳಗೆ, ದಿಬ್ಬದ ಆಚೆ ಇತ್ತು. ಅದೂ ಗಣಿಯದ್ದೇ ಎಂದು ವನಜಮ್ಮನಿಗೆ ಒಂದು ದಿನವೂ ಹೊಳೆಯಲಿಲ್ಲ. ಕಂದು ಕಸ ಕಂಪನಿಯದು, ಬಿಳಿ ಮಣ್ಣು ಊರಿನದು. ಅವಳ ತಲೆಯಲ್ಲಿ ಅವೆರಡರ ನಡುವೆ ಬೇಲಿಯೇ ಇತ್ತು.

ಮಗಳು ಗಗನಾಳನ್ನು ಕೊಪ್ಪದ ಪ್ರದೀಪನಿಗೆ ಕೊಟ್ಟಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಅವನದು. ಕಳೆದ ಬೇಸಗೆ ಮುಗಿಯುವ ಮೊದಲೇ ಗಗನಾ ಫೋನು ಮಾಡಿದಳು.

"ಅಮ್ಮ, ಅನ್ನ ಕಂಡ್ರೆ ವಾಂತಿ ಬತ್ತದೆ. ಇಲ್ಲಿ ಅಂಗ್ಳಕ್ಕೆ ನೀರು ಹಾಕಿದ್ರು ನೋಡು, ಆ ಮಣ್ಣಿನ ವಾಸ್ನೆಗೆ ಮಾತ್ರ ಬಾಯಲ್ಲಿ ನೀರು."

ವನಜಮ್ಮ ನಕ್ಕಳು. ಆ ನಗುವಿನಲ್ಲಿ ಇದ್ದ ಸುಖ ಎಂಥದೆಂದು ಮಗಳನ್ನು ಹೆತ್ತವರಿಗೆ ಹೇಳಬೇಕಾಗಿಲ್ಲ. ಅವತ್ತೇ ಸಂಜೆ ಕೆಲಸ ಮುಗಿಸಿ, ಕೈಗವಸು ತೆಗೆದಿಟ್ಟು, ಕುಕ್ಕೆ ಹಿಡಿದುಕೊಂಡು ದಿಬ್ಬ ಇಳಿದಳು. ಮೇಲಿನ ಪದರ ಕೆರೆದು ತೆಗೆದು, ಕೆಳಗಿನ ಶುದ್ಧ ಮಣ್ಣನ್ನೇ ಆರಿಸಿದಳು. ಅತ್ತೆ ಮಾಡಿದ ಹಾಗೆಯೇ ಬಿಲ್ಲೆ ತಟ್ಟಿ ಕಾವಲಿಯಲ್ಲಿ ಕಾಯಿಸಿ, ಡಬ್ಬಿಗೆ ತುಂಬಿ, ಕೊಪ್ಪದ ಬಸ್ಸಿನಲ್ಲಿ ಕಳಿಸಿದಳು. ಡಬ್ಬಿ ಖಾಲಿಯಾಗಿ ವಾಪಸು ಬಂದಾಗಲೆಲ್ಲ ತುಂಬಿಸಿ ಕಳಿಸಿದಳು. ಏಳನೇ ತಿಂಗಳಿಗೆ ಸೀಮಂತ ಮುಗಿಸಿ ಗಗನಾ ತವರಿಗೆ ಬಂದ ಮೇಲೆ ಡಬ್ಬಿ ಅವಳ ತಲೆದಿಂಬಿನ ಪಕ್ಕಕ್ಕೇ ಬಂತು.

ಆ ಮಳೆಗಾಲದಲ್ಲಿ ಹಳ್ಳದ ನೀರು ಒಂದು ಕಡೆ ಬೆಳ್ಳಗೆ ಬರತೊಡಗಿತು. ಜ್ಯೋತ್ಸ್ನಾ ಆ ನೀರಿನ ಜಾಡು ಹಿಡಿದು ಹೊರಟಳು. ಪೊದೆ ಕಡಿದು ದಾರಿ ಮಾಡಲು ವನಜಮ್ಮನನ್ನು ಕರೆದುಕೊಂಡಳು. ಉಳಿದ ಹೆಂಗಸರು ರಾಶಿಯ ಮೇಲಿದ್ದರು. ದಿಬ್ಬ ಹತ್ತುವಾಗ ಎಲ್ಲಿಗೆ ಹೋಗುತ್ತಿದ್ದೇವೆಂದು ವನಜಮ್ಮನಿಗೆ ಗೊತ್ತಾಯಿತು. ಆಗಲೂ ಅವಳಿಗೆ ಏನೂ ಅನ್ನಿಸಲಿಲ್ಲ. ಈ ಹುಡುಗಿಗೂ ಒಂದು ದಿನ ಬಯಕೆ ಮಣ್ಣು ಬೇಕಾಗುತ್ತದೆ, ಜಾಗ ನೋಡಿಕೊಳ್ಳಲಿ ಎಂದುಕೊಂಡಳು.

ಜ್ಯೋತ್ಸ್ನಾ ಕೈಯಲ್ಲಿದ್ದ, ಲೋಹ ಅಳೆಯುವ ಮೀಟರನ್ನು ಮಣ್ಣಿಗೆ ಒತ್ತಿ ಹಿಡಿದಳು. ಅಂಕಿ ನೋಡಿದಳು. ಜಾಗ ಬದಲಿಸಿ ಮತ್ತೆ ಒತ್ತಿದಳು.

"ವನಜಮ್ಮ, ಹಿಂದೆ ಬನ್ನಿ. ಅಲ್ಲಿ ನಿಲ್ಲಬೇಡಿ."

"ಎಂತಕ್ಕೆ?"

"ಆ ಕಂದು ರಾಶಿಗಿಂತ ಎಷ್ಟೋ ಪಾಲು ಹೆಚ್ಚು ಸೀಸ ಇಲ್ಲಿದೆ. ತೊಳೆದ ನೀರಿನ ಗಸಿ ಎಲ್ಲ ಇಲ್ಲೇ ಬಿಟ್ಟಿದ್ದಾರೆ. ಇಡೀ ಗಣಿಯಲ್ಲಿ ಇದಕ್ಕಿಂತ ಕೆಟ್ಟ ಜಾಗ ಇಲ್ಲ."

ವನಜಮ್ಮ ಹಿಂದೆ ಸರಿಯಲಿಲ್ಲ. ಯಾರದೋ ವಿಚಾರ ಎಂಬಂತೆ ಕೇಳಿದಳು. "ಇದನ್ನ ಯಾರಾದ್ರೂ ತಿಂದ್ರೆ?"

ಜ್ಯೋತ್ಸ್ನಾಳಿಗೆ ನಗು ಬಂತು. "ಮಣ್ಣು ಯಾರು ತಿಂತಾರೆ ವನಜಮ್ಮ?" ಎಂದವಳು, ಕೂಡಲೇ ಗಂಭೀರಳಾದಳು. "ಚಿಕ್ಕ ಮಕ್ಕಳು ಆಟ ಆಡ್ತಾ ಬಾಯಿಗೆ ಹಾಕ್ಕೊಳ್ಳಬಹುದು, ಅದೇ ನನಗೂ ಭಯ. ಸೀಸ ಮಕ್ಕಳ ತಲೆಗೆ ಹತ್ತುತ್ತೆ. ಮಾತು ತಡ ಆಗುತ್ತೆ, ಬುದ್ಧಿ ಬೆಳೆಯಲ್ಲ. ಬಸುರಿಯರ ಮೈಗೆ ಸೇರಿದ್ರೆ ನೇರ ಹೊಟ್ಟೆಯ ಮಗುವಿಗೆ ಹೋಗುತ್ತೆ. ಲ್ಯಾಬಿನಿಂದ ಖಾತ್ರಿ ಆಗಲಿ, ಮುಂದಿನ ವಾರ ಊರವರನ್ನು ಸೇರಿಸಿ ಹೇಳ್ತೀನಿ. ಯಾರಾದರೂ ಇಲ್ಲಿಗೆ ಬರ್ತಾರಾ?"

ಆಗ ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ಊರಿಗೆಲ್ಲ ಕೇಳುವ ಹಾಗೆ ಕೂಗುವ ಆ ಗಂಟಲಿನಿಂದ "ಇಲ್ಲ" ಎಂಬ ಒಂದು ಪದ ಮಾತ್ರ ಬಂತು.

ಮನೆಗೆ ಬಂದವಳೇ ಡಬ್ಬಿಯ ಮಣ್ಣನ್ನು ಸಿಮೆಂಟು ಚೀಲಕ್ಕೆ ಸುರಿದು ಕೊಟ್ಟಿಗೆಯ ಅಟ್ಟಕ್ಕೆ ಎಸೆದಳು. ಗುಂಡಿ ಮಳೆಗೆ ಕುಸಿದಿದೆ, ಇನ್ನು ಮಣ್ಣು ಸಿಗುವುದಿಲ್ಲ ಎಂದು ಮಗಳಿಗೆ ಹೇಳಿದಳು. ಗಗನಾ ಮುಖ ಊದಿಸಿಕೊಂಡಳು. ವನಜಮ್ಮ ಹುರಿದ ಅಕ್ಕಿ ಕೊಟ್ಟಳು, ಹುಣಿಸೆ ಕೊಟ್ಟಳು, ಪಕ್ಕದೂರಿನಿಂದ ನೆಲ್ಲಿಕಾಯಿ ಉಪ್ಪಿನಕಾಯಿ ಬೇಡಿ ತಂದಳು. ಎಲ್ಲವನ್ನೂ ಕೊಟ್ಟಳು, ಕೊಡಬೇಕಾಗಿದ್ದ ಒಂದು ಮಾತನ್ನು ಬಿಟ್ಟು.

ಮಾರನೆಯ ದಿನ ಮೋಹಿತನಿಗೆ ಅಂಗಿ ಹಾಕುವಾಗ ಅವಳ ಕೈ ಗುಂಡಿಯ ಮೇಲೆ ನಿಂತುಬಿಟ್ಟಿತು. ಈ ಮಗನಿಗಾಗಿ ಅವಳು ಮಾಡದ ಸೇವೆಯಿಲ್ಲ. ನಾಗರಕ್ಕೆ ಹಾಲೆರೆದಿದ್ದಳು, ಜಾತಕ ತೋರಿಸಿದ್ದಳು, ಹಿಂದಿನ ಜನ್ಮದ ಕರ್ಮ ಎಂದವರ ಮಾತಿಗೆ ತಲೆ ಆಡಿಸಿದ್ದಳು. ಮೋಹಿತ್ ಹೊಟ್ಟೆಯಲ್ಲಿದ್ದಾಗ ಅವಳು ತಿಂದದ್ದು ಬಿಳಿಗುಡ್ಡೆಯ ಮಣ್ಣು. ಗಗನಾ ಹೊಟ್ಟೆಯಲ್ಲಿದ್ದಾಗ ಮೂರನೇ ತಿಂಗಳಿಗೇ ರಕ್ತ ಕಂಡು, ಅವಳನ್ನು ಬೇಗಾರಿನ ತವರಿನಲ್ಲಿ ಮಲಗಿಸಿದ್ದರು. ಅಲ್ಲಿ ತಿಂದದ್ದು ಹುತ್ತದ ಮಣ್ಣು. ಗಗನಾ ಚುರುಕು, ಶಾಲೆಯಲ್ಲಿ ಎಲ್ಲರಿಗಿಂತ ಮುಂದು. ಒಂದೇ ಹೊಟ್ಟೆ, ಎರಡು ಮಣ್ಣು. ಇದನ್ನು ತಿಳಿಯಲು ಮೀಟರು ಬೇಕಾಗಿರಲಿಲ್ಲ.

ಹೇಳಬೇಕು ಎಂದು ದಿನಾ ಬೆಳಿಗ್ಗೆ ಎದ್ದಳು. ಹೇಗೆ ಹೇಳುವುದು? ನಿನ್ನ ಮಗುವಿಗೆ ನಾನೇ ವಿಷ ಕಲಸಿ ಕೊಟ್ಟೆ ಎನ್ನುವುದೇ? ಕೊಡುವುದು ನಿಂತಿದೆಯಲ್ಲ, ಇನ್ನು ಹೇಳಿ ಏನಾಗಬೇಕು, ಬಸುರಿಯ ಮನಸ್ಸು ಕೆಡಿಸಬಾರದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮೀಟಿಂಗಿನಲ್ಲಿ ಜ್ಯೋತ್ಸ್ನಾ ಹೇಳುತ್ತಾಳೆ, ಆಗ ಎಲ್ಲರ ಜೊತೆ ಗೊತ್ತಾಗಲಿ ಎಂದುಕೊಂಡಳು. ಬಾಯಿ ಬಿಟ್ಟರೆ ಬಣ್ಣಗೇಡು. ಹೇಡಿತನಕ್ಕೆ ಕಾರಣಗಳು ಯಾವತ್ತೂ ಕಡಿಮೆ ಬೀಳುವುದಿಲ್ಲ.

ಒಂದು ಮಧ್ಯಾಹ್ನ ಮಳೆ ಜೋರಾಗಿ ಕೆಲಸ ನಿಂತಿತು. ವನಜಮ್ಮ ಹೊತ್ತಿಗೆ ಮೊದಲೇ ಮನೆಗೆ ಬಂದಳು. ಪಕ್ಕದ ಮನೆಯ ಮುದುಕಿ ಸೀತಕ್ಕ ಜಗಲಿಯಲ್ಲಿ ಕೂತಿದ್ದಳು. ಗಗನಾಳ ಮಡಿಲಲ್ಲಿ ಒಂದು ಬಟ್ಟಲು. ಬಟ್ಟಲಿನಲ್ಲಿ ಕಾಯಿಸಿದ ಬಿಳಿ ಬಿಲ್ಲೆಗಳು.

"ಗುಂಡಿ ಎಂತ ಕುಸ್ದಿಲ್ಲ ಕಣೆ ವನಜ, ಹಾಗೇ ಉಂಟು" ಎಂದಳು ಸೀತಕ್ಕ. "ನಿಂಗೆ ಕೆಲ್ಸದ ಗಡಿಬಿಡಿ, ಪುರ್ಸೊತ್ತಿಲ್ಲ. ಹುಡ್ಗಿ ಬಾಯಿಬಿಟ್ಟು ಕೇಳ್ತು. ಬಸ್ರಿ ಕೇಳಿದ್ದಕ್ಕೆ ಇಲ್ಲ ಅನ್ಬಾರ್ದು ಅಂತ ದಿನಾ ಒಂದಿಷ್ಟು ತಂದು ಕೊಡ್ತಿದೀನಿ."

ವನಜಮ್ಮ ಬಟ್ಟಲನ್ನು ಕಿತ್ತು ಅಂಗಳಕ್ಕೆ ಎಸೆದಳು. ಮಗಳ ಬಾಯಿಗೆ ಬೆರಳು ಹಾಕಿ, ಒಳಗಿದ್ದದ್ದನ್ನು ಕೂಸಿನ ಬಾಯಿಂದ ತೆಗೆಯುವ ಹಾಗೆ ತೆಗೆದಳು. ಆಮೇಲೆ ಹೇಳಿದಳು. ಗಣಿಯ ಗಸಿ, ಸೀಸ, ಮೀಟರು, ಜ್ಯೋತ್ಸ್ನಾ ಹೇಳಿದ್ದು, ಎಲ್ಲವನ್ನೂ. ಸೀತಕ್ಕ ಅರ್ಥವಾಗದೆ ಕೂತಿದ್ದಳು. ಅರ್ಥವಾದಾಗ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು. ಅವಳೂ ತಿಂದವಳು, ಸೊಸೆಯಂದಿರಿಗೂ ತಿನ್ನಿಸಿದವಳು.

ಗಗನಾ ಬಾಯಿ ತೊಳೆದುಕೊಂಡು ಬಂದು ಮತ್ತೆ ಅಲ್ಲೇ ಕೂತಳು.

"ನಿಂಗೆ ಯಾವತ್ತು ಗೊತ್ತಾತು?"

"ಹೋದ ಶುಕ್ರವಾರ."

"ಇವತ್ತು ಗುರುವಾರ" ಎಂದಳು ಗಗನಾ.

ಒಳಗಿನಿಂದ ಮೋಹಿತ್ ಬಂದು, ಅಂಗಳದಲ್ಲಿ ನೆನೆಯುತ್ತಿದ್ದ ಬಟ್ಟಲನ್ನು ಎತ್ತಿ ತಂದು ತಂಗಿಯ ಕೈಗೆ ಕೊಟ್ಟು ನಕ್ಕ. ಗಗನಾ ಅವನ ಮುಖವನ್ನೇ ನೋಡಿದಳು. ಚಿಕ್ಕಂದಿನಿಂದ ಅವನಿಗೆ ಅನ್ನ ಕಲಸಿ ತಿನ್ನಿಸಿದವಳು ಅವಳು, ಅವನನ್ನು ಅಣಕಿಸಿದವರಿಗೆ ಕಲ್ಲು ಹೊಡೆದವಳು ಅವಳು. ತನ್ನ ಹೊಟ್ಟೆಯೊಳಗಿನ ಭಯಕ್ಕೆ ಮುಖ ಹೇಗಿರುತ್ತದೆಂದು ಅವಳು ಬೇರೆಲ್ಲೂ ಹುಡುಕಬೇಕಾಗಿರಲಿಲ್ಲ.

"ಅಣ್ಣಂಗೂ ಇದೇನಾ?" ಎಂದಳು.

ವನಜಮ್ಮ ಮೋಹಿತನನ್ನು ಹತ್ತಿರ ಎಳೆದು ಅವನ ನೆನೆದ ಅಂಗಿಯ ಗುಂಡಿ ಬಿಚ್ಚತೊಡಗಿದಳು. ಗಗನಾ ಎರಡನೇ ಸಲ ಕೇಳಲಿಲ್ಲ. ಪ್ರದೀಪನಿಗೆ ಫೋನು ಮಾಡಿದಳು.

ಅವನು ವ್ಯಾನು ತಂದು ತಾಯಿ ಮಗಳನ್ನು ಕರೆದೊಯ್ದ ಶಿವಮೊಗ್ಗದ ಆಸ್ಪತ್ರೆಯಲ್ಲಿ ರಕ್ತ ತೆಗೆದು ಹೊರಗೆಲ್ಲೋ ಪರೀಕ್ಷೆಗೆ ಕಳಿಸಿದರು. ಆಮೇಲೆ ಬಂದ ವರದಿಯಲ್ಲಿ ಸೀಸ ಇತ್ತು, ಬಹಳ ಇತ್ತು. ಬಸುರಿಯಲ್ಲಿ ಇದಕ್ಕೆ ಗಟ್ಟಿ ಔಷಧಿ ಕೊಡುವುದು ಕಷ್ಟ ಎಂದರು ಡಾಕ್ಟರಮ್ಮ. ಆ ಮಣ್ಣು ಮುಟ್ಟಬೇಡಿ, ಹಾಲು ಮೊಸರು ಚೆನ್ನಾಗಿ ತೆಗೆದುಕೊಳ್ಳಿ, ಕಬ್ಬಿಣದ ಮಾತ್ರೆ ತಪ್ಪಿಸಬೇಡಿ, ಉಳಿದದ್ದು ಮಗು ಹುಟ್ಟಿದ ಮೇಲೆ ಎಂದರು. ರಕ್ತ ಕೊಟ್ಟ ದಿನ ವಾಪಸು ಬರುವಾಗ ಪ್ರದೀಪನ ವ್ಯಾನು ಬಿಳಿಗುಡ್ಡೆಯ ದಾರಿ ಹಿಡಿಯಲಿಲ್ಲ. ವನಜಮ್ಮನನ್ನು ಸೀತೂರಿನ ತಿರುವಿನಲ್ಲಿ ಇಳಿಸಿ ಕೊಪ್ಪಕ್ಕೆ ಹೋಯಿತು. ಚೊಚ್ಚಲ ಬಾಣಂತನ ತವರಿನಲ್ಲಾಗದೆ ಗಂಡನ ಮನೆಯಲ್ಲಾಗುವುದು ತಾಯಿ ಸತ್ತ ಹೆಣ್ಣಿಗೆ ಮಾತ್ರ. ತಿರುವಿನಿಂದ ಮನೆಯವರೆಗೆ ಆ ಮಾತು ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಮಾರನೆಯ ದಿನ ಅವಳು ಮನೆಮನೆಗೆ ಹೋದಳು. ಜ್ಯೋತ್ಸ್ನಾಳ ಮೀಟಿಂಗಿಗೆ ಕಾಯಲಿಲ್ಲ. ಹೊಸದಾಗಿ ಬಸುರಾದವರು ಎರಡು ಮನೆಯಲ್ಲಿದ್ದರು. ಅವರ ಅಡುಗೆಮನೆಗೇ ನುಗ್ಗಿ ಡಬ್ಬಿ ಕಿತ್ತುಕೊಂಡಳು. ಕೆಲವರು ಅತ್ತರು. ಒಂದು ಮನೆಯಲ್ಲಿ ಅತ್ತೆ ಎನಿಸಿಕೊಂಡವಳು, "ನಿನ್ನ ಮಗ ಹಂಗಿದಾನೆ ಅಂತ ಊರ ಮಕ್ಳಿಗೆಲ್ಲ ಹೆಸರಿಡ್ಬೇಡ. ನಾವೆಲ್ಲ ತಿಂದ್ವಲ್ಲ, ನಮಗೆಂತ ಆಗಿದೆ?" ಎಂದು ಬಾಗಿಲು ಹಾಕಿಕೊಂಡಳು. ಆ ಮನೆಯಲ್ಲಿ ಒಂಬತ್ತನೇ ಕ್ಲಾಸು ದಾಟಲಾಗದೆ ಶಾಲೆ ಬಿಟ್ಟ ಮೂರು ಮಕ್ಕಳಿದ್ದವು. ವನಜಮ್ಮ ಬಾಗಿಲ ಹೊರಗೆ ನಿಂತು, ಒಳಗಿನವಳು ಕಿವಿ ಮುಚ್ಚಿದರೂ ಕೇಳುವಷ್ಟು ಜೋರಾಗಿ ಮತ್ತೊಮ್ಮೆ ಎಲ್ಲವನ್ನೂ ಹೇಳಿದಳು.

ಸುದ್ದಿ ಕೇಳಿ ಬಂದ ಜ್ಯೋತ್ಸ್ನಾ ಶೆಡ್ಡಿನ ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟಳು. "ನೀವು ಕೇಳಿದಾಗ ನಾನು ನಕ್ಕುಬಿಟ್ಟೆ" ಎಂದಳು. ವನಜಮ್ಮ, "ನಕ್ರೆ ಎಂತ ಆತು ಮೇಡಮ್ಮ, ನಾನು ಹೇಳ್ಬೇಕಿತ್ತು" ಎಂದು ಸುಣ್ಣದ ಚೀಲ ಎತ್ತಿಕೊಂಡು ಹೋದಳು. ಮಳೆ ಮುಗಿಯುವವರೆಗೆ ಗುಂಡಿಗೆ ಟಾರ್ಪಾಲು ಹೊದಿಸಿದರು, ತಂತಿಬೇಲಿ ಹಾಕಿದರು. ಇಟ್ಟಿಗೆಗೂ ಅದು ಯೋಗ್ಯವಲ್ಲ ಎಂದು ಲ್ಯಾಬಿನವರು ಹೇಳಿದರು. ಯಾವ ಉಪಯೋಗಕ್ಕೂ ಬಾರದ ಮಣ್ಣೆಂದರೆ ಅದೊಂದೇ. ಊರಲ್ಲಿ ತಿನ್ನುವುದಕ್ಕೆ ಇಟ್ಟುಕೊಂಡಿದ್ದೂ ಅದೊಂದೇ. ಚಳಿಗಾಲದಲ್ಲಿ ಅದರ ಮೇಲೆ ದಪ್ಪ ಶೀಟು ಹಾಸಿ, ಜೇಡಿ ಮಣ್ಣು ಬಡಿದು, ಕೆಂಪು ಮಣ್ಣು ತುಂಬಿದರು. ಆ ಮಣ್ಣಿನ ಒಂದೊಂದು ಬುಟ್ಟಿಯನ್ನೂ ವನಜಮ್ಮ ತಾನೇ ಸುರಿದಳು. ಮೇಸ್ತ್ರಿ ಮಣ್ಣು ಹೊರುವ ಪದ್ಧತಿಯಿಲ್ಲ. ಅವಳನ್ನು ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಅಷ್ಟರಲ್ಲಿ ಕೊಪ್ಪದಲ್ಲಿ ಗಗನಾ ಹಡೆದಿದ್ದಳು. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಮಗು. ತಾಯಿಯ ರಕ್ತದಲ್ಲಿದ್ದದ್ದು ಮಗುವಿನ ರಕ್ತದಲ್ಲೂ ಇತ್ತು. ಮುಂದೇನು ಎಂದರೆ, ಈಗಲೇ ಹೇಳಲಾಗುವುದಿಲ್ಲ, ಬೆಳೆಯುತ್ತ ನೋಡಬೇಕು ಎಂದರಂತೆ ಡಾಕ್ಟರಮ್ಮ. ಇದನ್ನೆಲ್ಲ ಹೇಳಿದ್ದು ಪ್ರದೀಪ, ಫೋನಿನಲ್ಲಿ. ವನಜಮ್ಮ ಬಾಣಂತಿ ಲೇಹ್ಯ ಮಾಡಿ ಬಸ್ಸಿನಲ್ಲಿ ಕಳಿಸಿದಳು. ಅದು ಬಿಚ್ಚದೆ ಹಾಗೆಯೇ ವಾಪಸು ಬಂತು. ಮಗಳ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ತನ್ನ ಕೈಯಿಂದ ಹೋದ ಡಬ್ಬಿಯನ್ನು ಆ ಹುಡುಗಿ ಇನ್ನು ಹೇಗೆ ಬಿಚ್ಚಿಯಾಳು?

ನಾಮಕರಣಕ್ಕೆ ಕರೆ ಬಂತು. ಮಗುವಿಗೆ ತುಂಗಾ ಎಂದು ಹೆಸರಿಟ್ಟರು. ಅಜ್ಜಿ ತೊಟ್ಟಿಲಿಗೆ ಹಾಕುವ ಹೊತ್ತಿಗೆ ಗಗನಾ ಮಗುವನ್ನು ತನ್ನ ಅತ್ತೆಯ ಕೈಗೆ ಕೊಟ್ಟಳು. ವನಜಮ್ಮನ ಹತ್ತಿರ ಬಂದು, "ಊಟ ಮಾಡ್ಕೊಂಡು ಹೋಗಿ" ಎಂದಳು. ಹೆತ್ತ ತಾಯಿಗೆ ಬಹುವಚನ. ವಾಸಪ್ಪನಿಗೆ ಅದು ಕೇಳಿಸಲಿಲ್ಲ. ಅವನು ಮೋಹಿತನಿಗೆ ಬಡಿಸುವವರನ್ನು ಕರೆಯುತ್ತಿದ್ದ. ವನಜಮ್ಮ ಪಾಯಸದ ಎಲೆಯ ಮುಂದೆ ಕೂತು, ಒಂದು ಅಗುಳನ್ನೂ ನುಂಗಲಾಗದೆ ಎದ್ದಳು.

ಶಿವರಾತ್ರಿ ಹತ್ತಿರ ಬಂದಾಗ ಗಗನಾಳೇ ಫೋನು ಮಾಡಿದಳು. "ನಾಳೆ ಬಾ. ಒಬ್ಳೇ ಬಾ" ಎಂದಳು. ಏಕವಚನ ಕೇಳಿ ವನಜಮ್ಮನ ಎದೆ ತುಂಬಿತು. ಕ್ಷಮಿಸಿದಳು ಎಂದುಕೊಂಡಳು. ಬೆಳಗಿನ ಮೊದಲ ಬಸ್ಸಿಗೇ ಹೊರಟು ಕೊಪ್ಪದಲ್ಲಿ ಇಳಿದಳು.

ಗಗನಾ ಅವಳನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಚಾಪೆಯ ಮೇಲೆ ತುಂಗಾ ಮಲಗಿತ್ತು. ಐದು ತಿಂಗಳು ತುಂಬಿದ ಮಗು, ಬೆಳ್ಳಗೆ, ಸಣ್ಣಗೆ, ಸುಮ್ಮನೆ.

"ಕೂತ್ಕೋ" ಎಂದಳು ಗಗನಾ. "ನಾನು ಒಂದು ಕೇಳ್ಬೇಕು. ಅಣ್ಣ ಸರಿ ಇಲ್ಲ ಅಂತ ನಿಂಗೆ ಮೊದಲು ಗೊತ್ತಾಗಿದ್ದು ಎಂತದ್ರಲ್ಲಿ?"

ವನಜಮ್ಮನಿಗೆ ಕರೆಸಿದ್ದು ಯಾಕೆಂದು ಆಗ ತಿಳಿಯಿತು.

"ಇಲ್ಲಿ ಯಾರನ್ನ ಕೇಳಿದ್ರೂ ಎಲ್ಲ ಸರಿಯಾಗ್ತದೆ ಅಂತಾರೆ. ತಿಂಗಳು ಮೊದ್ಲೇ ಹುಟ್ಟಿದ್ದು, ನಿಧಾನ ಆಗ್ತದೆ ಅಂತಾರೆ. ಅವರ್ಯಾರೂ ನೋಡಿಲ್ಲ, ನೀನು ನೋಡಿದೀಯ. ಹೇಳು."

ವನಜಮ್ಮ ಹೇಳಿದಳು. ಮೂವತ್ತು ವರ್ಷ ಯಾರ ಮುಂದೆಯೂ ಆಡದ ಮಾತು ಅದು. ಮೋಹಿತ್ ಅಳುತ್ತಿದ್ದದ್ದು ಕಡಿಮೆ, ಅದನ್ನು ಊರವರು ಒಳ್ಳೆಯ ಮಗು ಎಂದು ಹೊಗಳುತ್ತಿದ್ದರು. ಹಾಲು ಕುಡಿಯುವಾಗ ಕೈ ಎದೆಯನ್ನು ಹುಡುಕುತ್ತಿರಲಿಲ್ಲ, ಪಕ್ಕದಲ್ಲಿ ಜೋತುಬಿದ್ದಿರುತ್ತಿತ್ತು. ಅವನ ಓರಗೆಯ ಮಕ್ಕಳು ಎದುರಿಗೆ ಏನು ಹಿಡಿದರೂ ಕಸಿದುಕೊಳ್ಳುತ್ತಿದ್ದವು. ಅವನು ಮಾತ್ರ ನೋಡುತ್ತಿದ್ದ. ಕಣ್ಣು ಹಿಂದೆ ಹಿಂದೆ ಬರುತ್ತಿತ್ತು, ಕೈ ಏಳುತ್ತಿರಲಿಲ್ಲ. ಅದೇ ಮೊದಲು. ಅವಳು ಅದನ್ನು ಕಂಡಿದ್ದಳು, ಅತ್ತೆಗೆ ಹೇಳಲು ಹೆದರಿ ವರ್ಷಗಟ್ಟಲೆ ಸುಮ್ಮನಿದ್ದಳು.

ಗಗನಾ ಮಗುವನ್ನು ಎತ್ತಿ ತಾಯಿಯ ಮಡಿಲಲ್ಲಿ ಮಲಗಿಸಿದಳು. ವನಜಮ್ಮ ಮೊಮ್ಮಗಳನ್ನು ಮುಟ್ಟಿದ್ದು ಅದೇ ಮೊದಲ ಸಲ. ಹಗುರವಾಗಿತ್ತು, ಬೆಚ್ಚಗಿತ್ತು. ಗಗನಾ ಕೆಂಪು ಗಿಲಕಿಯೊಂದನ್ನು ಅವಳ ಕೈಗೆ ಕೊಟ್ಟಳು.

ವನಜಮ್ಮ ಗಿಲಕಿಯನ್ನು ಮಗುವಿನ ಮುಖದ ಮೇಲೆ ಹಿಡಿದು ಮೆಲ್ಲಗೆ ಆಡಿಸಿದಳು. ತುಂಗಾ ನೋಡಿತು. ಬಲಕ್ಕೆ ಒಯ್ದರೆ ಕಣ್ಣು ಬಲಕ್ಕೆ ಬಂತು, ಎಡಕ್ಕೆ ಒಯ್ದರೆ ಎಡಕ್ಕೆ. ಇನ್ನೂ ಹತ್ತಿರ ತಂದಳು, ಮೂಗಿಗೆ ತಾಗುವಷ್ಟು. ಕೈಗಳು ಪಕ್ಕದಲ್ಲೇ ಇದ್ದವು. ಅವಳು ಆಡಿಸುತ್ತಲೇ ಹೋದಳು. ಏಳು, ಒಂದು ಸಲ ಕೈ ಎತ್ತು ಎಂದು ಒಳಗೊಳಗೇ ಬೇಡಿದಳು. ಜೀವಮಾನದಲ್ಲಿ ಯಾವ ದೇವರನ್ನೂ ಅವಳು ಹಾಗೆ ಬೇಡಿರಲಿಲ್ಲ.

"ಈ ಸಲ ಸುಮ್ನಿರ್ಬೇಡ ಅಮ್ಮ" ಎಂದಳು ಗಗನಾ.

ವನಜಮ್ಮ ಗಿಲಕಿಯನ್ನು ಕೆಳಗಿಟ್ಟಳು. ಮಗುವಿನ ಒಂದು ಕೈಯನ್ನು ಎತ್ತಿ ತನ್ನ ಅಂಗೈಯಲ್ಲಿ ಇಟ್ಟುಕೊಂಡಳು. ಮಗಳ ಮುಖವನ್ನು ನೇರವಾಗಿ ನೋಡಿದಳು.

"ಮೋಹಿತನೂ ಹೀಗೇ ನೋಡ್ತಿದ್ದ" ಎಂದಳು.

ಗಗನಾ ತಲೆಯಾಡಿಸಿದಳು. ಅಳಲಿಲ್ಲ. ಅಂಗಡಿಯಲ್ಲಿದ್ದ ಪ್ರದೀಪನಿಗೆ ಫೋನು ಮಾಡಿ, ನಾಳೆಯೇ ಮಗುವನ್ನು ಶಿವಮೊಗ್ಗಕ್ಕೆ ಕರೆದೊಯ್ಯಬೇಕು, ಅಮ್ಮನೂ ಬರುತ್ತಾಳೆ, ಡಾಕ್ಟರಿಗೆ ಅವಳೇ ಹೇಳಲಿ ಎಂದಳು.